ಅತ್ತಿವೇರಿ ನಡುಗಡ್ಡೆಯ ತುದಿ

ಪ್ಲ್ಯಾನ್ ಹುಟ್ಟಿದ್ದು ಹಾಸ್ಟೆಲ್ ಮೆಸ್ಸಿನಲ್ಲಿ. ಸೀನಿಯರ್ಸ್ ಕೊಡಚಾದ್ರಿ, ಕುಮಾರ ಪರ್ವತ ಅಂತ ಹತ್ತಿ ಸ್ಟೇಟಸ್ ಹಾಕ್ತಿದ್ರು. ನಮ್ಮ ಹತ್ರ ಇದ್ದದ್ದು ನವೆಂಬರಿನ ಒಂದು ಭಾನುವಾರ, ಎರಡು ಬೈಕು, ಪ್ರಾಜೆಕ್ಟಿಗೆ ಅಂತ ನಾವೇ ಜೋಡಿಸಿದ್ದ ಡ್ರೋನು. ಮ್ಯಾಪಿನಲ್ಲಿ ಮುಂಡಗೋಡ ತಾಲೂಕಿನ ಅತ್ತಿವೇರಿ ಜಲಾಶಯದ ನಡುವೆ ಹಸಿರು ಚುಕ್ಕೆ ಕಾಣಿಸ್ತು. "ಲೇ, ಇದು ಐಲ್ಯಾಂಡ್ ಅಲ್ಲೇನೋ! ಇದರ ತುದಿ ಯಾರೂ ಹತ್ತಿರಂಗಿಲ್ಲ ನೋಡ್."

ಹುಬ್ಬಳ್ಳಿಯಿಂದ ತಡಸ ದಾಟಿ 40 ಚಿಲ್ಲರೆ ಕಿ.ಮೀ. ಗೇಟಿನಲ್ಲಿ ಟಿಕೆಟ್ ಕೊಟ್ಟ ಕಾವಲುಗಾರ ಕಾಕಾ ನಮ್ಮ ಬ್ಯಾಗು, ಬೂಟು ನೋಡಿಯೇ ಹೇಳಿದರು: "ತಮ್ಮಾ, ನಡುಗಡ್ಡಿಗೆ ಹೋಗಾಕ ಬರಂಗಿಲ್ಲ. ಗೂಡು ಕಟ್ಟ್ಯಾವ." ಹೂಂ ಅಂದ್ವಿ. ದಂಡೆ ಹಿಡಿದು ನಡೆದ್ವಿ.

ನಮ್ಮಲ್ಲಿರೋ ಸಿವಿಲ್‌ನವನು ಒಂದು ವಿಷಯ ಹೇಳಿದ, ಅದು ಮಾತ್ರ ಚೆನ್ನಾಗಿತ್ತು. ಅಣೆಕಟ್ಟು ಕಟ್ಟಿ ನೀರು ನಿಲ್ಲಿಸಿದಾಗ ತಗ್ಗು ಜಾಗವೆಲ್ಲ ಮುಳುಗುತ್ತೆ, ದಿಬ್ಬದ ನೆತ್ತಿ ಮಾತ್ರ ಉಳಿಯುತ್ತೆ. ಅಂದ್ರೆ ಈ ನಡುಗಡ್ಡೆ ಪೂರ್ತಿ ಒಂದು ಶಿಖರವೇ! ಬುಡದಿಂದ ಹತ್ತೋ ಕೆಲಸವನ್ನ ನೀರು ಮುಗಿಸಿಬಿಟ್ಟಿದೆ. ನರಿ, ನಾಯಿ, ಕಾಡುಬೆಕ್ಕು ಸುಲಭವಾಗಿ ದಾಟಿ ಬರಲ್ಲ ಅಂತಲೇ ಹಕ್ಕಿಗಳು ಅಲ್ಲಿ ಸಂಸಾರ ಹೂಡೋದು. ಮಳೆ ಕಡಿಮೆಯಾಗಿ ನೀರು ಇಳಿದ ವರ್ಷ ಆ ಕಂದಕವೂ ಇರಲ್ಲ.

ಇಷ್ಟೆಲ್ಲ ಮಾತಾಡಿದ ಮೇಲೂ ನಾವು ಮಾಡಿದ್ದೇನು? ತಿರುವಿನಾಚೆ, ಕಾಕಾನ ಕಣ್ಣಿಗೆ ಬೀಳದ ಕಡೆ ಹೋಗಿ ಡ್ರೋನ್ ಬಿಟ್ವಿ. ನಾವು ಹತ್ತದಿದ್ರೇನು, ಕ್ಯಾಮೆರಾ ಹತ್ತಲಿ ಅಂತ.

ಸ್ಕ್ರೀನಿನಲ್ಲಿ ಮರದ ತುದಿ ಹತ್ತಿರ ಬಂತು. ಆಮೇಲೆ ಪೂರ್ತಿ ಬಿಳಿ. ಅದು ಹಕ್ಕಿಗಳ ರೆಕ್ಕೆ ಅಂತ ಗೊತ್ತಾಗೋಕೆ ಒಂದು ಕ್ಷಣ ಬೇಕಾಯ್ತು. ಇಡೀ ಮರ ಎದ್ದುಹೋದ ಹಾಗೆ. ಕೈ ನಡುಗುತ್ತಾ ಡ್ರೋನ್ ವಾಪಸ್ ತಂದ್ವಿ.

ಕಾಕಾ ಓಡಿ ಬರಲಿಲ್ಲ, ನಡೆದುಕೊಂಡೇ ಬಂದರು. ಬೈಗುಳಕ್ಕೆ ರೆಡಿಯಾಗಿ ನಿಂತಿದ್ವಿ.

"ಎಷ್ಟೊತ್ತು ಹಾರಿಸಿದ್ರಿ?"

"ಎರಡು ನಿಮಿಷ ಸರ್."

ಬ್ಯಾಟರಿ ಇಸ್ಕೊಂಡು, ವೀಕ್ಷಣಾ ಗೋಪುರಕ್ಕೆ ಹತ್ತಿಸಿ ಕೈಗೆ ಬೈನಾಕ್ಯುಲರ್ ಕೊಟ್ಟರು. ಉದ್ದ ಕೊಕ್ಕು, ತುದಿಯಲ್ಲಿ ಚಪ್ಪಟೆ. 'ಸ್ಪೂನ್‌ಬಿಲ್' ಅಂತ ಸ್ಕೂಲಿನ ಚಾರ್ಟಿನಲ್ಲಿ ನೋಡಿದ್ವಿ. "ಚಮಚಕೊಕ್ಕು" ಅಂದರು ಕಾಕಾ. ಕನ್ನಡದಲ್ಲಿ ಅದಕ್ಕೆ ಇಷ್ಟು ಸರಳ ಹೆಸರಿದೆ ಅಂತ ನಮಗ್ಯಾರಿಗೂ ಗೊತ್ತಿರಲಿಲ್ಲ. ಹಕ್ಕಿಗಳು ಒಂದೊಂದಾಗಿ ಇಳೀತಿದ್ವು. ಒಂದು ಗೂಡಿನ ಮೇಲೆ ಮಾತ್ರ ಎರಡು ಕಾಗೆ.

"ಅವಕ್ಕ ಎರಡ ನಿಮಿಷ ಸಾಕು," ಅಂದರು.

ಆ ಗೂಡಿನಲ್ಲಿ ಏನಿತ್ತು, ಖಾಲಿಯಾಗಿತ್ತಾ ಅಂತ ಕೇಳೋ ಧೈರ್ಯ ಆಗಲಿಲ್ಲ. ತಂದಿದ್ದ ಚಪಾತಿ ಡಬ್ಬಿ ಬಿಚ್ಚದೆ ಮಧ್ಯಾಹ್ನ ಪೂರ್ತಿ ಅಲ್ಲೇ ಕೂತ್ವಿ, ಬೈನಾಕ್ಯುಲರ್ ಕೈಯಿಂದ ಕೈಗೆ ದಾಟ್ತಾ. ಮೂರರ ಸುಮಾರಿಗೆ ಆ ಗೂಡಿಗೊಂದು ಚಮಚಕೊಕ್ಕು ಬಂದು ಇಳೀತು, ಸ್ವಲ್ಪ ಹೊತ್ತು ಕೂತು ಮತ್ತೆ ಎದ್ದು ಹೋಯ್ತು.

ಹೊರಡುವಾಗ ಕಾಕಾ ರಿಜಿಸ್ಟರಿನಲ್ಲಿ ನಮ್ಮ ಹೆಸರು, ಕಾಲೇಜು ಬರೆಸಿಕೊಂಡು ಬ್ಯಾಟರಿ ವಾಪಸ್ ಕೊಟ್ಟರು. ಮುಂದಿನ ಸಲ ಸಿಕ್ಕರೆ ಕೇಸು ಅಂದರು.

ಫೆಸ್ಟಿಗೆ ಏರಿಯಲ್ ವಿಡಿಯೋ ಇದೆಯಾ ಅಂತ ಸೀನಿಯರ್ಸ್ ಕೇಳ್ತಿದ್ದಾರೆ. ಇದೆ, ಎರಡು ನಿಮಿಷದ್ದು. ಕೊಟ್ಟಿಲ್ಲ.