ಪಿನ್ ಕೂತರೆ ಸಾಲದು, ನಂಬರ್ ಕೂರಬೇಕು

ರಾಗಿ ತೆನೆ ಬಲಿಯುವ ಕಾಲ ಬಂತೆಂದರೆ ಕನಕಪುರ, ಚನ್ನಪಟ್ಟಣದ ಕಾಡಂಚಿನ ಹೊಲಗಳಲ್ಲಿ ರಾತ್ರಿಯೆಲ್ಲ ಟಾರ್ಚಿನ ಬೆಳಕು ಓಡಾಡುತ್ತಿರುತ್ತದೆ. ತೆಂಗಿನಕಲ್ಲು, ಕಬ್ಬಾಳು ಕಡೆಯಿಂದ ಆನೆ ಇಳಿದರೆ ಮೊದಲು ಬೇಕಾಗುವುದು ಬೆಳಕು. ಆನೆ ಎಲ್ಲಿದೆ ಅಂತ ದೂರದಿಂದಲೇ ಕಂಡರೆ ಮನುಷ್ಯ ಹಿಂದಕ್ಕೆ ಸರಿಯಬಹುದು. ಕಾಣದಿದ್ದರೆ ಅದರ ಕಾಲ ಬುಡಕ್ಕೇ ನಡೆದು ಹೋಗಿಬಿಡುತ್ತಾನೆ. ಹಾಗಾಗಿ ಟಾರ್ಚು ಚಾರ್ಜ್ ಆಗಿದೆಯೋ ಇಲ್ಲವೋ ಅನ್ನುವುದು ಈ ಊರುಗಳಲ್ಲಿ ಸಣ್ಣ ಮಾತಲ್ಲ.

ಈಗ ಅಂಥ ಊರುಗಳ ಎಷ್ಟೋ ಹುಡುಗರು ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುತ್ತಾರೆ. ಹಬ್ಬಕ್ಕೆ ಬರುವಾಗ ಅಪ್ಪನಿಗೆ ಅಂತ ದೊಡ್ಡ ಸರ್ಚ್‌ಲೈಟ್ ತರುತ್ತಾರೆ. ಅದರ ಜೊತೆ ಬರುವುದು ಕಾರಿನ ಸಿಗರೇಟ್ ಲೈಟರ್ ತೂತಿಗೆ ಹಾಕುವ ವೈರು ಮಾತ್ರ. ಹಬ್ಬ ಮುಗಿದ ಮೇಲೆ ಕಾರು ಬೆಂಗಳೂರಿಗೆ ಹೋಗುತ್ತದೆ, ಲೈಟು ಊರಲ್ಲಿ ಉಳಿಯುತ್ತದೆ. ಮೂರನೇ ದಿನಕ್ಕೆ ಚಾರ್ಜ್ ಮುಗಿಯುತ್ತದೆ. ಆಗ ಶುರುವಾಗುತ್ತದೆ ಹುಡುಕಾಟ: ಮನೆಯ ಪ್ಲಗ್‌ನಲ್ಲಿ ಹಾಕಲು ಇದಕ್ಕೆ ಯಾವ ಚಾರ್ಜರ್?

ನಾವು ಸ್ಟ್ರಿಂಗರ್‌ಗಳು. ಜಿಲ್ಲೆಯ ಹೆಸರು 2025ರಲ್ಲಿ ರಾಮನಗರದಿಂದ ಬೆಂಗಳೂರು ದಕ್ಷಿಣ ಆಯಿತು, ನಾವು ಬೈಕಿನಲ್ಲಿ ಸುತ್ತುವ ಊರುಗಳು ಮಾತ್ರ ಅವೇ. ಪ್ರೆಸ್‌ನೋರಿಗೆ ಎಲ್ಲ ಗೊತ್ತಿರುತ್ತದೆ ಅಂತ ಜನ ಪಿಂಚಣಿ ಅರ್ಜಿಯಿಂದ ಹಿಡಿದು ಚಾರ್ಜರ್‌ವರೆಗೆ ಕೇಳುತ್ತಾರೆ. ಪತ್ರಿಕೋದ್ಯಮ ಡಿಪ್ಲೊಮಾದಲ್ಲಿ ನಮಗೆ ಇದನ್ನೇನೂ ಹೇಳಿಕೊಟ್ಟಿರಲಿಲ್ಲ. ಆದರೆ ನಮ್ಮ ವಿಡಿಯೊ ಲೈಟು, ಮೈಕು, ಬ್ಯಾಟರಿ ಎಲ್ಲ ನಮ್ಮ ಕೈದುಡ್ಡಿನವು. ಸುದ್ದಿಗೆ ಇಷ್ಟು ಅಂತ ಬರುವ ದುಡ್ಡಿನಲ್ಲಿ ಒಂದು ಲೈಟು ಸುಟ್ಟರೆ ಎಷ್ಟೋ ಸುದ್ದಿ ಬರೆದು ಅದನ್ನು ತುಂಬಿಸಬೇಕು. ಅದಕ್ಕೇ ಟಿವಿ ರಿಪೇರಿಯವರ ಅಂಗಡಿಯಲ್ಲಿ ಸ್ಟೂಲ್ ಹಾಕಿಕೊಂಡು ಕೂತು ಚಾರ್ಜರ್ ಮೇಲಿನ ಬರಹ ಓದುವುದನ್ನು ಕಲಿತೆವು. ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಕನಕಪುರದ ಸರ್ಚ್‌ಲೈಟ್

ಆನೆ ಸುದ್ದಿಗೆ ಹೋಗಿದ್ದಾಗ ರಾಗಿ ಹೊಲ ಕಾಯುವ ಹಿರಿಯರೊಬ್ಬರು ಸರ್ಚ್‌ಲೈಟ್ ತಂದು ಮುಂದಿಟ್ಟರು. ಇನ್ನೊಂದು ಕೈಯಲ್ಲಿ ಬೆನ್ನಿಗೆ ಹಾಕಿಕೊಂಡು ಔಷಧಿ ಹೊಡೆಯುವ ಬ್ಯಾಟರಿ ಪಂಪಿನ ಚಾರ್ಜರ್.

"ಸಾ, ಇದರ ಪಿನ್ನು ಸರ್ಯಾಗಿ ಕೂತ್ಕೋತದೆ. ಹಾಕ್ಬೋದಾ?"

"ಇರಿ ಯಜಮಾನ್ರೆ, ಮೊದ್ಲು ಕಾರಿನ ವೈರು ತನ್ನಿ."

"ಕಾರು ಅಂದ್ರೆ ಹನ್ನೆರಡು ವೋಲ್ಟು, ಪಂಪೂ ಹನ್ನೆರಡು ವೋಲ್ಟು ಅಂದ ಅಂಗಡಿಯೋನು."

ಕಾರಿನ ವೈರಿನ ದಪ್ಪ ತುದಿಯ ಮೇಲೆ ಇರುವೆ ಸಾಲಿನಂಥ ಅಕ್ಷರವಿತ್ತು. ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದಿದೆವು: ಇನ್‌ಪುಟ್ 12-24 ವೋಲ್ಟ್, ಔಟ್‌ಪುಟ್ 5 ವೋಲ್ಟ್ 2 ಆಂಪ್.

ಅಂದರೆ ಆ ದಪ್ಪ ತುದಿಯೊಳಗೆ ಒಂದು ಸಣ್ಣ ಸರ್ಕಿಟ್ ಇದೆ. ಕಾರಿನ 12 ವೋಲ್ಟನ್ನು ಅದು 5ಕ್ಕೆ ಇಳಿಸಿ ಲೈಟಿಗೆ ಕೊಡುತ್ತದೆ. ಲೈಟಿಗೆ ಬೇಕಾದದ್ದು 5 ವೋಲ್ಟ್ ಮಾತ್ರ. ಪಂಪಿನ ಬ್ಯಾಟರಿಯ ಹೆಸರು 12 ವೋಲ್ಟ್ ಆದರೂ ಅದನ್ನು ತುಂಬುವ ಚಾರ್ಜರ್ ಕೊಡುವುದು 14 ವೋಲ್ಟ್ ಆಸುಪಾಸು. ಸಿಕ್ಕಿಸಿದ್ದರೆ ಹತ್ತಿರ ಹತ್ತಿರ ಮೂರು ಪಟ್ಟು ವೋಲ್ಟೇಜ್ ಒಳಗೆ ಹೋಗುತ್ತಿತ್ತು. ಒಳಗಿರುವುದು ಲಿಥಿಯಂ ಬ್ಯಾಟರಿ. ಅದಕ್ಕೆ ಮಿತಿ ಮೀರಿ ಕೊಟ್ಟರೆ ಊದಿಕೊಳ್ಳಬಹುದು, ಬೆಂಕಿಯೂ ಹತ್ತಬಹುದು.

ಅವರ ಮನೆಯಲ್ಲೇ ಇದ್ದ ಒಳ್ಳೆ ಮೊಬೈಲ್ ಚಾರ್ಜರ್ ಮೇಲೆ ಔಟ್‌ಪುಟ್ 5 ವೋಲ್ಟ್ 2 ಆಂಪ್ ಅಂತಿತ್ತು. ಒಂದು ತುದಿ ಯುಎಸ್‌ಬಿ, ಇನ್ನೊಂದು ತುದಿ ಆ ಪಿನ್ ಇರುವ ಸಾದಾ ವೈರು ಕೊಂಡರೆ ಕೆಲಸ ಮುಗಿಯಿತು. ಕೊಳ್ಳುವಾಗ ಒಂದು ಎಚ್ಚರ: ನೋಡಲು ಅದೇ ಥರ ಇರುವ, 5 ವೋಲ್ಟನ್ನು 9ಕ್ಕೋ 12ಕ್ಕೋ ಏರಿಸುವ ವೈರುಗಳೂ ಬರುತ್ತವೆ. ಅವು ಬೇಡ.

ಹಾಗಾಗಿ ಮೊದಲ ಪಾಠ ಇಷ್ಟೇ. ಕಾರಿನಲ್ಲಿ ಚಾರ್ಜ್ ಆಗುತ್ತದೆ ಅಂದಮಾತ್ರಕ್ಕೆ ಅದು 12 ವೋಲ್ಟಿನ ಸಾಮಾನು ಅಂತ ತಿಳಿಯಬೇಡಿ. ಕಾರಿನ ವೈರಿನ ಮೇಲೆ ಔಟ್‌ಪುಟ್ ಅಂತ ಬರೆದಿದ್ದರೆ ಆ ನಂಬರೇ ನಿಮಗೆ ಬೇಕಾದ ನಂಬರು. ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಕಷ್ಟವಾದರೆ, 'ಐ' ಇಂದ ಶುರುವಾಗುವುದು ಇನ್‌ಪುಟ್, 'ಓ' ಇಂದ ಶುರುವಾಗುವುದು ಔಟ್‌ಪುಟ್ ಅಂತ ಗುರುತಿಟ್ಟುಕೊಳ್ಳಿ.

ಮಾಗಡಿಯ ಮೈಕ್ ಡಬ್ಬ

ಮಾಗಡಿ ಕಡೆಯ ಒಂದು ಭಜನೆ ತಂಡದವರ ಹತ್ತಿರ ಮೈಕು ಸಮೇತದ ಸ್ಪೀಕರ್ ಡಬ್ಬ ಇದೆ. ಅದರದೂ ಕಾರಿನ ವೈರೇ. ಆದರೆ ಅದರ ಮೇಲೆ ಔಟ್‌ಪುಟ್ ಅಂತ ಏನೂ ಬರೆದಿಲ್ಲ. ಅದು ಬರೀ ನೇರ ವೈರು, ಕಾರಿನ ವೋಲ್ಟೇಜನ್ನು ಹಾಗೇ ಒಳಗೆ ಬಿಡುತ್ತದೆ. ಇಂಥದ್ದಕ್ಕೆ ಡಬ್ಬದ ತೂತಿನ ಪಕ್ಕ ಬರೆದದ್ದನ್ನು ಓದಬೇಕು. ಅಲ್ಲಿತ್ತು: ಡಿಸಿ 12 ವೋಲ್ಟ್, 2 ಆಂಪ್.

ವೋಲ್ಟು, ಆಂಪು ಏನು ಅನ್ನುವುದಕ್ಕೆ ಊರ ಓವರ್‌ಹೆಡ್ ಟ್ಯಾಂಕ್ ನೆನೆಸಿಕೊಳ್ಳಿ. ವೋಲ್ಟ್ ಅಂದರೆ ಟ್ಯಾಂಕಿನ ಎತ್ತರ, ನೀರು ನುಗ್ಗುವ ರಭಸ. ಆಂಪ್ ಅಂದರೆ ಒಂದೇ ಸಲಕ್ಕೆ ಟ್ಯಾಂಕು ಎಷ್ಟು ನೀರು ಬಿಡಬಲ್ಲದು ಅನ್ನುವುದು. ರಭಸ ಜಾಸ್ತಿಯಾದರೆ ಡ್ರಿಪ್ ಪೈಪು ಒಡೆಯುತ್ತದೆ. ಅದೇ ಎತ್ತರದಲ್ಲಿ ದೊಡ್ಡ ಟ್ಯಾಂಕ್ ಇದ್ದರೆ ಪೈಪಿಗೆ ಏನೂ ಆಗುವುದಿಲ್ಲ, ಅದು ತನಗೆ ಬೇಕಾದಷ್ಟೇ ತೆಗೆದುಕೊಳ್ಳುತ್ತದೆ. ಟ್ಯಾಂಕು ಸಣ್ಣದಾದರೆ ಮಾತ್ರ ಕಷ್ಟ.

ಆದ್ದರಿಂದ ವೋಲ್ಟ್ ಅಷ್ಟೇ ಇರಬೇಕು. ಆಂಪ್ ಅಷ್ಟೇ ಇರಬೇಕು ಅಥವಾ ಜಾಸ್ತಿ ಇರಬೇಕು. 2 ಆಂಪ್ ಕೇಳುವ ಡಬ್ಬಕ್ಕೆ 12 ವೋಲ್ಟ್ 3 ಆಂಪ್ ಅಡಾಪ್ಟರ್ ಧಾರಾಳವಾಗಿ ಹಾಕಬಹುದು. 1 ಆಂಪಿನದು ಹಾಕಿದರೆ ಅಡಾಪ್ಟರ್ ಕಾದು ಕಾದು ಸಾಯುತ್ತದೆ.

ಇನ್ನೆರಡು ನೋಡಬೇಕು. ಔಟ್‌ಪುಟ್ ಕಡೆ ಡಿಸಿ ಅಂತಲೇ ಇರಬೇಕು. ಅದರ ಗುರುತು ಒಂದು ನೇರ ಗೆರೆ, ಕೆಳಗೆ ಮೂರು ತುಂಡು ಗೆರೆ. ಹಾವಿನಂತೆ ಬಳುಕಿದ ಗೆರೆ ಇದ್ದರೆ ಅದು ಎಸಿ. ಆಮೇಲೆ ಪ್ಲಸ್ ಮೈನಸ್ ಚಿತ್ರ: ನಡುವೆ ಚುಕ್ಕೆ, ಸುತ್ತ ಅರ್ಧ ಬಳೆ. ಚುಕ್ಕೆಯ ಗೆರೆ ಪ್ಲಸ್‌ಗೆ ಸೇರಿದ್ದರೆ ಪಿನ್ನಿನ ಒಳಗಡೆ ಪ್ಲಸ್ ಅಂತ ಅರ್ಥ. ಸಾಮಾನಿನ ಮೇಲಿನ ಚಿತ್ರವೂ ಅಡಾಪ್ಟರ್ ಚಿತ್ರವೂ ಒಂದೇ ಆಗಿರಬೇಕು.

ಭಜನೆ ತಂಡದ ಮನೆಯೊಂದರಲ್ಲಿ ಹಳೆ ಸಿಸಿ ಕ್ಯಾಮೆರಾದ 12 ವೋಲ್ಟ್ 2 ಆಂಪ್ ಅಡಾಪ್ಟರ್ ಬಿದ್ದಿತ್ತು. ಚಿತ್ರವೂ ಹೊಂದಿತು. ಖರ್ಚಿಲ್ಲದೆ ಕೆಲಸ ಆಯಿತು. ಪಕ್ಕದಲ್ಲೇ ಲ್ಯಾಪ್‌ಟಾಪಿನ 19 ವೋಲ್ಟಿನದೂ ಇತ್ತು. ವೈಫೈ, ಸೆಟ್ ಟಾಪ್ ಬಾಕ್ಸ್, ಕ್ಯಾಮೆರಾ, ಪಂಪು, ಎಲ್ಲದರ ಪಿನ್ನೂ ನೋಡಲು ಒಂದೇ ಅಳತೆ. ಅಪಾಯ ಇರುವುದೇ ಅಲ್ಲಿ.

ಒಂದು ಮಾತು ಸೇರಿಸಬೇಕು. ಕಾರು ಓಡುವಾಗ ಸಾಕೆಟ್‌ನಲ್ಲಿ ಬರುವುದು 12 ಅಲ್ಲ, 14 ವೋಲ್ಟ್ ಹತ್ತಿರ. ಲಾರಿ, ಬಸ್ಸಿನಲ್ಲಿ 24. ಕೆಲವು ಡಬ್ಬಗಳು ಒಳಗಿನ ಲೆಡ್ ಬ್ಯಾಟರಿಯನ್ನು ಆ 14ರಿಂದಲೇ ತುಂಬಿಸಿಕೊಳ್ಳುತ್ತವೆ. ಅಂಥದ್ದು 12 ವೋಲ್ಟ್ ಅಡಾಪ್ಟರ್‌ನಲ್ಲಿ ಹಾಡುತ್ತದೆ, ಆದರೆ ಬ್ಯಾಟರಿ ಪೂರ್ತಿ ತುಂಬುವುದಿಲ್ಲ. ಅದಕ್ಕೆ ಕಂಪನಿಯ ಚಾರ್ಜರನ್ನೇ ತರಿಸಬೇಕು. ಡಬ್ಬ ಬಿಚ್ಚಿ ಬ್ಯಾಟರಿಗೆ ನೇರ ಅಡಾಪ್ಟರ್ ವೈರ್ ಸುತ್ತುವ ಕೆಲಸಕ್ಕೆ ಕೈ ಹಾಕಬೇಡಿ.

ಚನ್ನಪಟ್ಟಣದ ಗಾಳಿ ಪಂಪು

ಚನ್ನಪಟ್ಟಣದ ಹತ್ತಿರ ಹುಡುಗರೊಬ್ಬರು ಕಾರಿನ ಸಾಕೆಟ್‌ಗೆ ಹಾಕಿ ಟೈರಿಗೆ ಗಾಳಿ ತುಂಬುವ ಪಂಪನ್ನು ಮನೆಯಲ್ಲಿ ಓಡಿಸಲು ಹೊರಟಿದ್ದರು. ಅದರ ಮೇಲೆ 12 ವೋಲ್ಟ್ 10 ಆಂಪ್ ಅಂತಿತ್ತು. ಎರಡನ್ನೂ ಗುಣಿಸಿದರೆ 120 ವ್ಯಾಟ್. ಕೈಯಲ್ಲಿದ್ದ ಅಡಾಪ್ಟರ್ 12 ವೋಲ್ಟ್ 2 ಆಂಪ್, ಅಂದರೆ 24 ವ್ಯಾಟ್. ವೋಲ್ಟ್ ಸರಿ ಇದೆ, ಶಕ್ತಿ ಸಾಲದು. ಅದರ ಮೇಲೆ ಮೋಟರ್ ಶುರುವಾಗುವಾಗ ಇನ್ನೂ ಜಾಸ್ತಿ ಎಳೆಯುತ್ತದೆ.

ಮನೆಯ ಕರೆಂಟಿಗೆ ಹಾಕಿ, ಇನ್ನೊಂದು ಕಡೆ ಕಾರಿನಂಥದೇ ಸಾಕೆಟ್ ಕೊಡುವ ಅಡಾಪ್ಟರ್‌ಗಳು ಸಿಗುತ್ತವೆ. ಅವನ್ನು ಕೊಳ್ಳುವಾಗಲೂ ಇದೇ ಲೆಕ್ಕ ಹಾಕಿ. ನಿಮ್ಮ ಸಾಮಾನು ಕೇಳುವುದಕ್ಕಿಂತ ಕಾಲು ಭಾಗವಾದರೂ ಹೆಚ್ಚು ಆಂಪ್ ಇರಲಿ. ಗಾಳಿ ಪಂಪಿನಂಥ ಮೋಟರ್ ಸಾಮಾನಿಗೆ ಅಷ್ಟು ದೊಡ್ಡ ಅಡಾಪ್ಟರ್ ಕೊಳ್ಳುವ ಬದಲು ಪಂಚರ್ ಅಂಗಡಿಗೆ ಹೋಗುವುದೇ ಮೇಲು ಅಂತ ನಾವು ಆ ಹುಡುಗರಿಗೆ ಹೇಳಿದೆವು.

ರಾಮನಗರದ ಹುಳುಮನೆ

ನಂಬರ್ ಎಲ್ಲ ಸರಿ ಇದ್ದರೂ ಅಡಾಪ್ಟರೇ ಕಳಪೆಯಾಗಿದ್ದರೆ? ರಾಮನಗರದ ಗೂಡಿನ ಮಾರುಕಟ್ಟೆಗೆ ರೇಷ್ಮೆ ಗೂಡು ಹಾಕುವ ಒಂದು ಮನೆಯಲ್ಲಿ ಹೆಸರು ಊರು ಇಲ್ಲದ ಅಡಾಪ್ಟರ್ ರಾತ್ರಿ ಚಾರ್ಜಿಂಗ್‌ನಲ್ಲಿದ್ದಾಗ ಕರಗಿಹೋಯಿತು. ಸ್ವಿಚ್ ಬೋರ್ಡ್ ಕಪ್ಪಾಯಿತು. ಪಕ್ಕದಲ್ಲೇ ಒರಗಿಸಿದ್ದು ಒಣಗಿದ ಬಿದಿರಿನ ಚಂದ್ರಿಕೆಗಳು. ಹುಳು ಕಡೇ ಜ್ವರ ಎದ್ದು ಮೇಯುವ ಹೊತ್ತಾದ್ದರಿಂದ ಮನೆಯ ಹೆಂಗಸರು ಸೊಪ್ಪು ಹಾಕಲು ಎದ್ದಿದ್ದರು. ಸುಟ್ಟ ವಾಸನೆ ಬಂದ ತಕ್ಷಣ ಮೈನ್ ಆಫ್ ಮಾಡಿದರು. ಇಲ್ಲದಿದ್ದರೆ ಬೆಳೆಯೂ ಮನೆಯೂ ಎರಡೂ ಹೋಗುತ್ತಿದ್ದವು.

ಅಡಾಪ್ಟರ್ ಮಾಡುವ ಮುಖ್ಯ ಕೆಲಸ ಎರಡು. ಗೋಡೆಯ 230 ವೋಲ್ಟನ್ನು ಇಳಿಸುವುದು ಒಂದು. ಆ 230 ಯಾವ ಕಾರಣಕ್ಕೂ ಈಚೆ ಪಿನ್ನಿಗೆ ದಾಟದಂತೆ ಮಧ್ಯೆ ತಡೆ ಕಟ್ಟುವುದು ಇನ್ನೊಂದು. ಕಳಪೆ ಮಾಲಿನಲ್ಲಿ ಆ ತಡೆ ತೆಳುವಾಗಿರುತ್ತದೆ. ದಾಟಿದರೆ ಸರ್ಚ್‌ಲೈಟ್ ಹಿಡಿದ ಕೈಗೇ ಕರೆಂಟ್ ಬರುತ್ತದೆ.

ಇದಕ್ಕೆ ನಮ್ಮ ದೇಶದಲ್ಲಿ ಒಂದು ಕಾನೂನಿದೆ. ಎಲೆಕ್ಟ್ರಾನಿಕ್ ಸಾಮಾನುಗಳ ಕಡ್ಡಾಯ ನೋಂದಣಿಗೆ ಕೇಂದ್ರ ಸರ್ಕಾರ 2012ರಲ್ಲಿ ಆದೇಶ ತಂದಿತು. ಆಮೇಲೆ ಐಟಿ ಮತ್ತು ಆಡಿಯೊ ವಿಡಿಯೊ ಸಾಮಾನುಗಳ ಅಡಾಪ್ಟರ್‌ಗಳನ್ನೂ ಅದಕ್ಕೆ ಸೇರಿಸಿದರು. ಪರೀಕ್ಷೆ ಪಾಸಾದ ಅಡಾಪ್ಟರ್ ಮೇಲೆ ಬಿಐಎಸ್ ಗುರುತು ಇರುತ್ತದೆ. ಜೊತೆಗೆ ಇಂಗ್ಲಿಷಿನ 'ಆರ್' ಅಕ್ಷರ, ಒಂದು ಅಡ್ಡಗೆರೆ, 8 ಅಂಕಿ. ಅಂಕಿಯನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು, ಅದಕ್ಕೇ ಮೊಬೈಲಿನಲ್ಲಿ ಬಿಐಎಸ್ ಕೇರ್ ಅನ್ನುವ ಸರ್ಕಾರಿ ಆ್ಯಪ್ ಹಾಕಿಕೊಳ್ಳಿ. ಅದರಲ್ಲಿ ಆರ್ ನಂಬರ್ ಹಾಕಿದರೆ ಯಾವ ಕಂಪನಿ, ಯಾವ ಸಾಮಾನು ಅಂತ ತೋರಿಸುತ್ತದೆ. ಅಡಾಪ್ಟರ್ ನಂಬರ್ ಹಾಕಿದಾಗ ಬೇರೆ ಯಾವುದೋ ಸಾಮಾನು ಬಂದರೆ ಅಂಗಡಿಯಲ್ಲೇ ವಾಪಸ್ ಕೊಡಿ. ಬಿಲ್ ಕೇಳಿ ತೆಗೆದುಕೊಳ್ಳಿ. ಮೋಸವಾದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡಲು ಬಿಲ್ ಬೇಕಾಗುತ್ತದೆ.

ಇನ್‌ಪುಟ್ ಕಡೆ 100-240 ವೋಲ್ಟ್ ಅಂತ ಇರುವುದನ್ನೇ ಆರಿಸಿ. ನಮ್ಮೂರುಗಳಲ್ಲಿ ಸಂಜೆ ವೋಲ್ಟೇಜ್ ಎಷ್ಟು ಇಳಿಯುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಇಂಥ ಅಡಾಪ್ಟರ್ ಅದನ್ನು ತಡೆದುಕೊಳ್ಳುತ್ತದೆ. ಒಳಗೆ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಇರುವ ಹಳೆ ಕಾಲದ ಭಾರದ ಅಡಾಪ್ಟರ್‌ಗಳಲ್ಲಿ ಹಲವು, 12 ಅಂತ ಬರೆದಿದ್ದರೂ ಲೋಡ್ ಕಡಿಮೆ ಇದ್ದಾಗ 16, 17 ವೋಲ್ಟ್ ಕೊಡುತ್ತವೆ. ಲಿಥಿಯಂ ಬ್ಯಾಟರಿ ಸಾಮಾನಿಗೆ ಅವು ಬೇಡ.

ತೋಟದಲ್ಲೇ ಚಾರ್ಜ್ ಮಾಡೋಣ ಅಂತ ಪಂಪ್‌ಸೆಟ್ ಬೋರ್ಡಿನಿಂದ ವೈರ್ ಎಳೆಯುವವರನ್ನೂ ನೋಡಿದ್ದೇವೆ. ಅಲ್ಲಿ ಎರಡು ಫೇಸ್ ನಡುವೆ 415 ವೋಲ್ಟ್ ಇರುತ್ತದೆ. 240ಕ್ಕೆ ಮಾಡಿದ ಅಡಾಪ್ಟರ್ ಅದನ್ನು ತಡೆಯುವುದಿಲ್ಲ. ಫೇಸು ಮತ್ತು ಭೂಮಿ ನಡುವೆ ಸಿಕ್ಕಿಸಿ ಉರಿಸುವ ಉಪಾಯ ಜೀವಕ್ಕೇ ಕುತ್ತು. ಚಾರ್ಜಿಂಗ್ ಮನೆಯಲ್ಲೇ ಆಗಲಿ. ಮನೆಯಲ್ಲೇ ಬಲ್ಬುಗಳು ಇದ್ದಕ್ಕಿದ್ದಂತೆ ಧಗ್ಗೆಂದು ಜಾಸ್ತಿ ಉರಿದರೆ ನ್ಯೂಟ್ರಲ್ ಕಿತ್ತಿರಬಹುದು. ಮೈನ್ ಆಫ್ ಮಾಡಿ ಬೆಸ್ಕಾಂನ 1912ಕ್ಕೆ ಫೋನ್ ಮಾಡಿ.

ಚಾರ್ಜಿಗೆ ಇಡುವ ಜಾಗವನ್ನೂ ನೋಡಿಕೊಳ್ಳಿ. ಹಾಸಿಗೆ, ಹುಲ್ಲು, ಚಂದ್ರಿಕೆ, ಗೋಣಿಚೀಲದಿಂದ ದೂರ, ಬರೀ ನೆಲದ ಮೇಲೆ ಅಥವಾ ಕಲ್ಲು ಚಪ್ಪಡಿ ಮೇಲೆ ಇಡಿ. ಆದಷ್ಟು ಎಚ್ಚರ ಇರುವ ಹೊತ್ತಿನಲ್ಲಿ, ಸಂಜೆಯೊಳಗೆ ಚಾರ್ಜ್ ಮುಗಿಸಿ. ಅಡಾಪ್ಟರ್ ಬೆಚ್ಚಗಾದರೆ ಪರವಾಗಿಲ್ಲ. ಕೈ ಇಡಲಾಗದಷ್ಟು ಕಾದರೆ, ವಾಸನೆ ಬಂದರೆ, ಮುಟ್ಟಿದಾಗ ಜುಮ್ಮೆಂದರೆ ಅದನ್ನು ಮತ್ತೆ ಬಳಸಬೇಡಿ.

ಕಡೆಯದಾಗಿ ಒಂದು ಕೆಲಸ. ಎಲ್ಲರ ಮನೆಯಲ್ಲೂ ಹಳೆ ಚಾರ್ಜರ್ ತುಂಬಿದ ಒಂದು ಕವರೋ ಡಬ್ಬವೋ ಇರುತ್ತದೆ. ಅದನ್ನು ಸುರಿದು, ಬಿಳಿ ಪ್ಲಾಸ್ಟರ್ ಅಂಟಿಸಿ, ಒಂದೊಂದರ ಮೇಲೂ ಕನ್ನಡದಲ್ಲಿ ದೊಡ್ಡದಾಗಿ ಬರೆಯಿರಿ: 12 ವೋಲ್ಟ್, ಮೈಕಿನದು. 5 ವೋಲ್ಟ್, ಲೈಟಿನದು. ಪಂಪಿನದು, ಬೇರೆಯದಕ್ಕೆ ಹಾಕಬಾರದು. ಲೈಟಿನ ಮೇಲೂ, ಡಬ್ಬದ ಮೇಲೂ ಅದೇ ನಂಬರ್ ಬರೆಯಿರಿ. ಓದಿದ ಮಕ್ಕಳು ಊರಿಗೆ ಬಂದಾಗ ಅವರ ಕೈಯಲ್ಲೇ ಬರೆಸಿ. ಹೊಲಕ್ಕೆ ಹೋಗುವ ಮುಂಚೆ ಲೈಟನ್ನು ಚಾರ್ಜಿಗೆ ಹಾಕುವವರು ಅಪ್ಪ ಅಥವಾ ಅವ್ವ. ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರ ಆ ಹೊತ್ತಿನಲ್ಲಿ ಅವರ ಕಣ್ಣಿಗೆ ಕಾಣುವುದಿಲ್ಲ.