ತಾತನ ಯುದ್ಧ

ಚರಿತ್ರೆಯ ಪುಸ್ತಕಗಳಲ್ಲಿ ಎರಡನೆಯ ಮಹಾಯುದ್ಧವು 1939ರಲ್ಲಿ ಆರಂಭವಾಗಿ 1945ರಲ್ಲಿ ಮುಗಿಯುತ್ತದೆ. ನಮ್ಮ ಮನೆಗೆ ಅದು ಬಂದುದು 1942ರಲ್ಲಿ, ಒಂದು ಸರ್ಕಾರಿ ಕಾಗದದ ರೂಪದಲ್ಲಿ.

ನನ್ನ ತಾತ ಮೈಸೂರು ಸಂಸ್ಥಾನದ ಕಾಲ್ದಳದಲ್ಲಿ ಸಿಪಾಯಿಯಾಗಿದ್ದರು. ಆ ದಳದ ಒಂದು ತುಕಡಿಯನ್ನು ಮಲಯದ ಕಡೆಗೆ ಕಳುಹಿಸಿದ್ದರು. 1942ರ ಫೆಬ್ರವರಿ 15ರಂದು ಸಿಂಗಪುರದಲ್ಲಿ ಬ್ರಿಟಿಷರು ಜಪಾನೀಯರಿಗೆ ಶರಣಾದಾಗ ಸುಮಾರು 40,000 ಮಂದಿ ಭಾರತೀಯ ಸಿಪಾಯಿಗಳು ಸೆರೆಯಾದರು. ತಾತ ಅವರಲ್ಲಿ ಒಬ್ಬರು. ಆದರೆ ಇದು ಊರಿಗೆ ತಿಳಿಯಲಿಲ್ಲ. ಶಾನುಭೋಗರು ಓದಿ ಹೇಳಿದ ಕಾಗದದಲ್ಲಿ ಇದ್ದುದು ‘ಸುಳಿವು ಸಿಕ್ಕಿಲ್ಲ’ ಎಂಬ ಮಾತು ಮಾತ್ರ. ಅಜ್ಜಿಯ ಹಣೆಯ ಕುಂಕುಮವನ್ನು ಏನು ಮಾಡಬೇಕೆಂದು ಹಿರಿಯರು ಜಗುಲಿಯ ಮೇಲೆ ಕುಳಿತು ಚರ್ಚಿಸಿದರಂತೆ. ಅಜ್ಜಿ ಬಾಗಿಲ ಮರೆಯಿಂದಲೇ, “ಕಾಗದ ಬರೆದೋರಿಗೇ ಗೊತ್ತಿಲ್ಲವಂತೆ, ನಿಮಗೆ ಹೇಗೆ ಗೊತ್ತು?” ಎಂದು ಕೇಳಿದರಂತೆ. ಚರ್ಚೆ ಅಲ್ಲಿಗೆ ನಿಂತಿತು.

ಅದೇ ಮಾರ್ಚ್ 8ರಂದು ರಂಗೂನು ಜಪಾನೀಯರ ವಶವಾಗಿ ಬರ್ಮಾದ ಅಕ್ಕಿ ಬರುವುದು ನಿಂತುಹೋಯಿತು. ಸೀಮೆಎಣ್ಣೆ ಸಿಗದೆ ಮನೆಯಲ್ಲಿ ಹೊಂಗೆಎಣ್ಣೆಯ ದೀಪ ಉರಿಯಿತು. ಯುದ್ಧವೆಂದರೆ ಅಜ್ಜಿಗೆ ಆ ದೀಪದ ಹೊಗೆ, ಮತ್ತು ಅಂಚೆಯವನ ದಾರಿ ಕಾಯುವುದು. ಮೂರೂವರೆ ವರ್ಷಗಳಿಗೂ ಹೆಚ್ಚು ಕಾಲ ಹೀಗೆ ಕಳೆಯಿತು. 1945ರ ಸೆಪ್ಟೆಂಬರ್ 12ರಂದು ಸಿಂಗಪುರದಲ್ಲಿ ಜಪಾನೀಯರು ಶರಣಾದರು. ಆ ವರ್ಷದ ಕೊನೆಯಲ್ಲಿ ತಾತ ಬಂದಾಗ, ನಾಲ್ಕು ವರ್ಷದ ನಮ್ಮ ತಂದೆ ಆ ಎಲುಬಿನ ಹಂದರವನ್ನು ಕಂಡು ಹೆದರಿ ಹಿತ್ತಲಿಗೆ ಓಡಿದರಂತೆ.

ನಾನು ಎಂಟನೆಯ ತರಗತಿಯಲ್ಲಿದ್ದಾಗ ನಮ್ಮ ಉಪಾಧ್ಯಾಯರು ಆಜಾದ್ ಹಿಂದ್ ಫೌಜಿನ ವಿಷಯವನ್ನು ಮೈ ಜುಮ್ಮೆನ್ನುವಂತೆ ಬೋಧಿಸಿದರು. 1943ರ ಜುಲೈಯಲ್ಲಿ ಸುಭಾಷ್‌ಚಂದ್ರ ಬೋಸರು ಸಿಂಗಪುರದಲ್ಲಿ ಅದರ ನಾಯಕತ್ವವನ್ನು ವಹಿಸಿಕೊಂಡರೆಂದು ಕೇಳಿದೊಡನೆ ನಾನು ಎದ್ದುನಿಂತು, “ನಮ್ಮ ತಾತನೂ ಅದರಲ್ಲಿದ್ದರು ಸಾರ್” ಎಂದುಬಿಟ್ಟೆನು. ತಾತ ಹಾಗೆಂದು ಎಂದೂ ಹೇಳಿರಲಿಲ್ಲ. ಅವರು ಸೆರೆಯ ಮಾತನ್ನೇ ಆಡುತ್ತಿರಲಿಲ್ಲ. ಊಟವಾದ ಮೇಲೆ ಎಲೆಯ ಅಂಚಿನಲ್ಲಿ ಉಳಿದ ಒಂದು ಅಗುಳನ್ನೂ ಬಿಡದೆ ತೆಗೆದುಕೊಳ್ಳುವುದನ್ನು ಮಾತ್ರ ನಾವು ನೋಡಿದ್ದೆವು.

ಆಗಸ್ಟ್ 15ಕ್ಕೆ ಒಂದು ವಾರವಿರುವಾಗ ಉಪಾಧ್ಯಾಯರು ಮನೆಗೇ ಬಂದರು. ತಾತನೇ ಬಂದು ಧ್ವಜ ಹಾರಿಸಬೇಕೆಂದು ಕೇಳಿಕೊಂಡರು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ತಾತ ನನ್ನನ್ನು ಒಮ್ಮೆ ನೋಡಿ, ನಿಧಾನವಾಗಿ ಹೇಳಿದರು: “ಹುಡುಗ ತಪ್ಪು ತಿಳಿದಿದ್ದಾನೆ ಮೇಷ್ಟ್ರೇ. ನಾನು ಸೇರಲಿಲ್ಲ. ಮಹಾರಾಜರ ಉಪ್ಪು ತಿಂದು ಪ್ರಮಾಣ ಮಾಡಿದ್ದೆ. ಅದನ್ನು ಮುರಿಯೋದಕ್ಕೆ ಮನಸ್ಸು ಬರಲಿಲ್ಲ. ನನ್ನ ಪಕ್ಕದಲ್ಲಿ ಮಲಗುತ್ತಿದ್ದವನು ಸೇರಿದ. ಇಂಫಾಲದ ಕಡೆ ಹೋದವನು ತಿರುಗಿ ಬರಲಿಲ್ಲ. ಅವನು ಮಾಡಿದ್ದು ತಪ್ಪು ಅಂತ ನಾನು ಯಾವತ್ತೂ ಅಂದುಕೊಂಡಿಲ್ಲ. ಯಾರ ಹೆಸರಾದರೂ ಹೇಳಬೇಕು ಅಂದರೆ ಅವನದು ಹೇಳಿ.”

ಹಾಗೆ ಆ ವರ್ಷ ಧ್ವಜದ ಕೆಳಗೆ, ನಮ್ಮ ಊರಿನಲ್ಲಿ ಯಾರೂ ಕಂಡಿರದ ಒಬ್ಬನ ಹೆಸರನ್ನು ಉಪಾಧ್ಯಾಯರು ಓದಿದರು. ತಾತ ಮಕ್ಕಳ ಸಾಲಿನ ಹಿಂದೆ ನಿಂತಿದ್ದರು. ನನ್ನನ್ನು ಅವರು ಒಂದು ಮಾತೂ ಬೈಯಲಿಲ್ಲ; ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಹಲವು ವರ್ಷಗಳ ತರುವಾಯ ಸಿಂಗಪುರಕ್ಕೆ ಹೋಗುವ ಅವಕಾಶ ನನಗೆ ಒದಗಿತು. ಕ್ರಾಂಜಿಯ ಸ್ಮಾರಕದ ಗೋಡೆಗಳ ಮೇಲೆ, ಗುರುತಿಸಿದ ಸಮಾಧಿಯಿಲ್ಲದ 24,000ಕ್ಕೂ ಹೆಚ್ಚು ಮಂದಿಯ ಹೆಸರುಗಳಿವೆ. ಆ ಸಾಲುಗಳ ಮುಂದೆ ಬಹಳ ಹೊತ್ತು ನಡೆದಾಡಿದೆನು. ಅನಂತರ ಸಮುದ್ರದ ದಂಡೆಯ ಎಸ್ಪ್ಲನೇಡ್ ಉದ್ಯಾನಕ್ಕೆ ಹೋದೆನು. 1945ರ ಜುಲೈಯಲ್ಲಿ ಬೋಸರು ಅಲ್ಲಿ ಫೌಜಿನ ಮಡಿದ ಸೈನಿಕರ ಸ್ಮಾರಕಕ್ಕೆ ಅಡಿಗಲ್ಲನ್ನಿಟ್ಟಿದ್ದರು. ಮರಳಿ ಬಂದ ಬ್ರಿಟಿಷರು ಸೆಪ್ಟೆಂಬರಿನಲ್ಲಿ ಅದನ್ನು ಕೆಡವಿಹಾಕಿದರು. 1995ರಲ್ಲಿ ಆ ಸ್ಥಳದಲ್ಲಿ ಒಂದು ಗುರುತಿನ ಫಲಕವನ್ನು ಇಡಲಾಯಿತು. ಅದರಲ್ಲಿ ಸಿಪಾಯಿಗಳ ಹೆಸರುಗಳಿಲ್ಲ.

ನಾನು ಅಲ್ಲಿ ನಿಂತು ತಾತನ ಸ್ನೇಹಿತನ ಹೆಸರನ್ನು ಗಟ್ಟಿಯಾಗಿ ಹೇಳಿದೆನು. ಪಕ್ಕದ ಬೆಂಚಿನ ಮೇಲೆ ಕುಳಿತಿದ್ದ ಮುದುಕರೊಬ್ಬರು ತಲೆಯೆತ್ತಿ ನೋಡಿ, ಮತ್ತೆ ತಮ್ಮ ಪತ್ರಿಕೆಯತ್ತ ತಿರುಗಿದರು.