ನೆಲಕ್ಕೆ ಹಿಡಿದ ಬ್ಯಾಟರಿ

ಹದಿನಾರರ ಮಗ್ಗಿ ನನಗೆ ಯಾವತ್ತೂ ಎಂಟಕ್ಕೆ ಬಂದು ನಿಂತುಬಿಡುತ್ತಿತ್ತು. ಆನಗೋಡಿನಲ್ಲಿ ನಮ್ಮ ಅಜ್ಜ, ತಾಯಿಯ ಅಪ್ಪ, ದಿನಾ ದೀಪ ಹಚ್ಚುವ ಹೊತ್ತಿಗೆ ಕಟ್ಟೆಯ ಮೇಲೆ ಕೂರಿಸಿಕೊಂಡು ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದ. ಪಕ್ಕದಲ್ಲಿ ಹುಣಸೆ ಬರಲು. ಆತ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಒಂದು ಸಂಜೆ ಬರಲಿಗೆ ಹೆದರಿ ಓಡಿದೆ. ಪಿ.ಬಿ. ರೋಡು ದಾಟಿ ಕಣದ ಬಣವೆಯ ಹಿಂದೆ ಕೂತೆ. ಕತ್ತಲಾಯಿತು. ದಾವಣಗೆರೆ ಕಡೆಯಿಂದಲೂ ಚಿತ್ರದುರ್ಗದ ಕಡೆಯಿಂದಲೂ ಒಂದರ ಹಿಂದೊಂದು ಲಾರಿ. ಆಮೇಲೆ ಅಜ್ಜನ ಬ್ಯಾಟರಿ ಕಂಡಿತು. ಹೆಸರು ಹಿಡಿದು ಕೂಗುತ್ತಿದ್ದ. ಆದರೆ ಬೆಳಕನ್ನು ಹೊಲದ ಕಡೆಗಾಗಲಿ ಕಣದ ಕಡೆಗಾಗಲಿ ಬಿಡುತ್ತಿರಲಿಲ್ಲ. ರಸ್ತೆಯ ಅಂಚಿಗೇ ಹಿಡಿದು, ಹತ್ತು ಹೆಜ್ಜೆಗೊಮ್ಮೆ ನಿಂತು, ಬಗ್ಗಿ ನೋಡುತ್ತಿದ್ದ. ಈ ಮುದುಕನಿಗೆ ಹುಡುಕಲೂ ಬರುವುದಿಲ್ಲ ಅಂದುಕೊಂಡೆ.

ಎಷ್ಟೋ ವರ್ಷದ ಮೇಲೆ ಆರ್.ಕೆ. ನಾರಾಯಣರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಓದಿದೆ. 1935ರ ಕಾದಂಬರಿ. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ನಲ್ಲಿ ಸ್ವಾಮಿಯ ಅಪ್ಪನಾಗಿ ಗಿರೀಶ ಕಾರ್ನಾಡರನ್ನು ಕಂಡವರಿಗೆ ಆ ವಕೀಲರ ಬಿಗಿಮುಖ ನೆನಪಿದ್ದೀತು. ರಜೆಯಲ್ಲೂ ಮಗನನ್ನು ಕೂರಿಸಿ ಮಾವಿನಹಣ್ಣಿನ ಲೆಕ್ಕ ಮಾಡಿಸುವ ಮನುಷ್ಯ. ಶಾಲೆಯಲ್ಲಿ ರಂಪ ಮಾಡಿಕೊಂಡ ಸ್ವಾಮಿ ಅಪ್ಪನಿಗೆ ಮುಖ ತೋರಿಸಲಾರದೆ ಊರು ಬಿಡುತ್ತಾನೆ. ರಾತ್ರಿ ಅಪ್ಪ ಅವನನ್ನು ಹುಡುಕುತ್ತ ರೈಲು ಹಳಿಯ ಗುಂಟ ನಡೆಯುತ್ತಾನೆ. ಅಲ್ಲಿಗೆ ಬಂದಾಗ ನಾನು ಪುಸ್ತಕ ಮುಚ್ಚಿದೆ. ನಮ್ಮಜ್ಜ ಅವತ್ತು ಬಗ್ಗಿ ಬಗ್ಗಿ ನೋಡುತ್ತಿದ್ದದ್ದು ರಸ್ತೆಯ ಮೇಲೆ ರಕ್ತ ಇದೆಯೇ ಎಂದು.

ಮಕ್ಕಳ ಕತೆಗಳಲ್ಲಿ ಬರುವ ಸಿಡುಕು ಹಿರಿಯರನ್ನು ಮಗುವಿನ ಪ್ರೀತಿ ಕರಗಿಸಿತು ಎನ್ನುವುದು ವಾಡಿಕೆ. 1880ರ ‘ಹೈಡಿ’ಯನ್ನೇ ಮೊದಲು ಹೆಸರಿಸುತ್ತಾರೆ. ಊರವರೆಲ್ಲ ಹೆದರುವ, ಆಲ್ಪ್ಸ್ ಬೆಟ್ಟದ ಮೇಲೆ ಒಂಟಿಯಾಗಿ ಬದುಕುವ ಅಜ್ಜ. ನನಗೆ ಆ ಮಾತು ಪೂರ್ತಿ ಒಪ್ಪಿಗೆಯಿಲ್ಲ. ಐದು ವರ್ಷದ ಮೊಮ್ಮಗಳು ಬಂದ ಮೊದಲ ದಿನವೇ ಆತ ಅವಳಿಗೆ ಕೂರಲು ಸಣ್ಣದೊಂದು ಪೀಠ ಮಾಡಿಕೊಡುತ್ತಾನೆ. ಕರಗಲು ಒಂದು ದಿನವೂ ಬೇಕಾಗಲಿಲ್ಲವಲ್ಲ! ಅಕ್ಕರೆ ಮೊದಲೇ ಇತ್ತು. ಕೊಡಬೇಕಾದವಳು ಆಗಷ್ಟೇ ಬಂದಳು.

ಬಣವೆಯ ಹಿಂದಿನಿಂದ ನಾನೇ ಎದ್ದು ಹೋಗಿ ಬೆಳಕಿನಲ್ಲಿ ನಿಂತೆ. ಅಜ್ಜ ಬ್ಯಾಟರಿ ಆರಿಸಿಬಿಟ್ಟ. ಮುಖ ಕಾಣಲಿಲ್ಲ. ತುಸು ಹೊತ್ತಾದ ಮೇಲೆ, “ಹಸಿವಾಗಿಲ್ಲೇನಲೇ?” ಅಂದ. ರೋಡು ದಾಟಲು ರಟ್ಟೆ ಹಿಡಿದವನು ಮನೆ ಮುಟ್ಟುವ ತನಕ ಬಿಡಲಿಲ್ಲ.

ಮರುದಿನ ಸಂಜೆ ಮತ್ತೆ ಕಟ್ಟೆ, ಮತ್ತೆ ಮಗ್ಗಿ. ಹದಿನಾರೆಂಟ್ಲ ಮತ್ತೆ ತಪ್ಪಿತು. ಪಕ್ಕದಲ್ಲಿ ಬರಲು ಇರಲಿಲ್ಲ.